ಹಂಡೆ ತುಂಬಿಸಿದವರು

ನನ್ನ ಗಂಡ ಬಣ್ಣ ಹಾಕುವವರು. ಗೋಡೆಗಲ್ಲ, ಬಟ್ಟೆಗೆ. ಮಾಸಿದ ಅಂಗಿ, ಬಿಸಿಲಿಗೆ ಬಿಳಿಚಿದ ಪರದೆ, ಒಗೆದು ಒಗೆದು ಮುಖ ಕಳೆದುಕೊಂಡ ಲಂಗ, ಇಂಥವನ್ನು ಕುದಿಯುವ ಬಣ್ಣದ ನೀರಿಗೆ ಹಾಕಿ ಹೊಸದರಂತೆ ಮಾಡಿ ಕೊಡುವುದು ಅವರ ಕೆಲಸ. ಬೀದಿಯವರು ಅವರನ್ನು ಹಂಡೆಯಣ್ಣ ಅನ್ನುತ್ತಿದ್ದರು.

ಈ ಚಳಿಗಾಲ ಮುಗಿಯುವ ಹೊತ್ತಿಗೆ ಸತ್ತರು. ಎದೆ ಹಿಡಿದುಕೊಂಡಿತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೀರಿಕೊಂಡರು, ಅಗಲಿದರು ಅಂತ ಜನ ಮೆತ್ತಗೆ ಹೇಳುತ್ತಾರೆ. ಹೇಗೆ ಹೇಳಿದರೂ ಮನೆಯಲ್ಲಿ ಒಂದು ತಟ್ಟೆ ಕಮ್ಮಿ. ಬಂದವರೆಲ್ಲ ಒಳ್ಳೆ ಮನುಷ್ಯ, ಒಳ್ಳೆ ಮನುಷ್ಯ ಅಂದು ಕೂತೆದ್ದು ಹೋದರು. ಒಳ್ಳೆ ಮನುಷ್ಯರು ಬೇಕಾದಷ್ಟು ಇದ್ದಾರೆ. ಇವರು ಏನು ಮಾಡಿದರು ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಿಂದೆ ಒಂದು ಶೆಡ್ಡು ಇದೆ. ಕಲ್ಲಿನ ನೆಲ, ಹೊಗೆ ಹಿಡಿದ ತಗಡಿನ ಮಾಡು, ನೀರು ಹೋಗಲು ನಡುವೆ ಒಂದು ಚರಂಡಿ. ಮಾವ ಇದ್ದ ಕಾಲದಿಂದ ಅಲ್ಲಿ ಆರು ಸಣ್ಣ ಹಂಡೆ, ಆರು ಒಲೆ, ಒಂದೊಂದಕ್ಕೆ ಒಂದೊಂದು ಬಣ್ಣ. ಯಾರು ಯಾವಾಗ ಬಂದು ಯಾವ ಬಣ್ಣ ಕೇಳಿದರೂ ಆ ಒಲೆ ಹೊತ್ತಿಸಬೇಕು. ಇಲ್ಲ ಅನ್ನಬಾರದು. ಅದು ಮಾವ ಹಾಕಿಕೊಟ್ಟ ಮರ್ಯಾದೆ. ಒಬ್ಬಳು ಒಂದೇ ಒಂದು ಲಂಗ ತಂದು ಹಸಿರು ಅಂದರೆ, ಆ ಲಂಗಕ್ಕಾಗಿ ಒಂದು ಹಂಡೆ ನೀರು ಕುದಿಯಬೇಕು, ಒಬ್ಬರು ಕೋಲು ಹಿಡಿದು ನಿಂತು ತಿರುವುತ್ತಲೇ ಇರಬೇಕು. ಸಂಜೆ ಅಷ್ಟೂ ಹಸಿರು ನೀರು ಚರಂಡಿಗೆ.

ಮಾವ ಹೋಗಿ ಕಸುಬು ಇವರ ಕೈಗೆ ಬರುವ ಹೊತ್ತಿಗೆ ಪೇಟೆಯಲ್ಲಿ ಅಗ್ಗದ ಸಿದ್ಧ ಉಡುಪು ಬಂದು ಬಿದ್ದವು. ನಾವು ಹಳೆ ಅಂಗಿಗೆ ಬಣ್ಣ ಹಾಕಲು ಕೇಳುವ ದುಡ್ಡಿಗೆ ಚೂರು ಸೇರಿಸಿದರೆ ಹೊಸ ಅಂಗಿಯೇ ಸಿಗುತ್ತಿತ್ತು. ಯಾರು ಬರುತ್ತಾರೆ? ದರ ಇಳಿಸೋಣ ಅಂದರೆ ಸೌದೆಯವನು ಇಳಿಸುವುದಿಲ್ಲ, ಬಣ್ಣದ ಪುಡಿಯವನು ಇಳಿಸುವುದಿಲ್ಲ. ಇವರು ಖಾಲಿ ಒಲೆಗಳ ಮುಂದೆ ಕೂತು ಕೈ ನೋಡಿಕೊಳ್ಳುತ್ತಿದ್ದರು. ಮೊಣಕೈವರೆಗೆ ಬಣ್ಣ ಅಂಟಿದ ಕೈ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತವರು ಇದ್ದಕ್ಕಿದ್ದ ಹಾಗೆ ಕೇಳಿದರು, “ಲೇ, ನೀನು ಬಸ್ಸು ನೋಡಿದ್ದೀಯಾ?”

“ನೋಡದೆ ಇರೋಕೆ ನಾನೇನು ಕುರುಡಿಯಾ?”

“ಒಬ್ಬನೇ ಹತ್ತಿದ್ರೂ ಓಡುತ್ತೆ, ಸೀಟೆಲ್ಲ ತುಂಬಿದ್ರೂ ಓಡುತ್ತೆ. ಡ್ರೈವರು ಒಬ್ಬನೇ. ನಾವು ಮಾಡ್ತಿರೋದು ಏನು ಗೊತ್ತಾ? ಬಂದವರಿಗೆಲ್ಲ ಒಂದೊಂದು ಬಸ್ಸು ಬಿಡ್ತಿದ್ದೀವಿ.”

“ಮೊದ್ಲು ಊಟ ಮಾಡಿ, ಆರಿ ಹೋಗ್ತಿದೆ,” ಅಂದೆ. ಇವರಿಗೆ ಏನೋ ಹತ್ತಿದೆ ಅಂತ ಮಾತ್ರ ಗೊತ್ತಾಯಿತು.

ಆ ವಾರವೇ ಆರು ಹಂಡೆಯಲ್ಲಿ ಐದನ್ನು ಪಾತ್ರೆಯವನಿಗೆ ಮಾರಿಬಿಟ್ಟರು. ಯಾರಿಗೂ ಹೇಳಲಿಲ್ಲ. ಊರಾಚೆ ಮುಚ್ಚಿಹೋದ ಒಂದು ದೊಡ್ಡ ಆಸ್ಪತ್ರೆ ಇತ್ತು. ಅಲ್ಲಿ ಹಾಸಿಗೆ ಬಟ್ಟೆ ಕುದಿಸುತ್ತಿದ್ದ ಹಂಡೆಯನ್ನು ಹರಾಜಿನಲ್ಲಿ ಹಿಡಿದು, ಕೈಗಾಡಿಯ ಮೇಲೆ ಹೊರಿಸಿಕೊಂಡು ಬಂದರು. ಅದರ ಗಾತ್ರ ನೋಡಿ ಬೀದಿಯೆಲ್ಲ ಹೊರಗೆ ಬಂತು. ಗಾಡಿ ನಮ್ಮ ಮನೆಯ ಹಿಂದಕ್ಕೆ ಬಂತು. ಹಂಡೆ ಶೆಡ್ಡಿನ ಬಾಗಿಲಿಗೆ ಬಂತು. ಬಾಗಿಲಲ್ಲಿ ಹೋಗಲಿಲ್ಲ.

ಇವರು ಸುತ್ತಿಗೆ ತಂದು ಬಾಗಿಲ ಪಕ್ಕದ ಗೋಡೆ ಒಡೆಯಲು ಶುರು ಮಾಡಿದರು.

ಅತ್ತೆ ಓಡಿ ಬಂದರು. ಶೆಡ್ಡು ಅತ್ತೆಯ ಹೆಸರಿನಲ್ಲಿತ್ತು. “ಅಯ್ಯೋ, ನಿಮ್ಮಪ್ಪ ಕಟ್ಟಿದ ಗೋಡೆ ಕಣೋ ಅದು!”

“ಬಾಗಿಲು ಸಣ್ಣದಾಯ್ತಮ್ಮ.”

“ಬಾಗಿಲು ಸಣ್ಣದಾಗ್ಲಿಲ್ಲ, ನಿನ್ನ ತಲೆ ದೊಡ್ಡದಾಯ್ತು! ಅಲ್ಲಾ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇದರ ಹೊಟ್ಟೆಗೆ ಎಲ್ಲಿಂದ ತಂದು ಸುರೀತೀಯಾ?”

ನನ್ನ ಮೈದುನ ಹಂಡೆಯ ಒಳಗೆ ಬಗ್ಗಿ ನೋಡಿ, “ಅಣ್ಣ, ಇದರಲ್ಲಿ ಬಟ್ಟೆ ಹಾಕೋದಾ, ನಾವೇ ಇಳಿದು ಈಜೋದಾ?” ಅಂದ. ಅವನ ದನಿ ಹಂಡೆಯೊಳಗಿಂದ ಗುಂಯ್ ಅಂತ ಬಂತು. ನಿಂತವರೆಲ್ಲ ನಕ್ಕರು. ಹಂಡೆಯಣ್ಣ ಅನ್ನುವ ಹೆಸರು ಬಿದ್ದದ್ದು ಅವತ್ತೇ.

ಇವರು ನಗಲಿಲ್ಲ. ನಮ್ಮನ್ನು ಕೂರಿಸಿ ಹೇಳಿದರು. ಈ ಹಂಡೆ ಆರು ಹಂಡೆಯ ಬಟ್ಟೆ ಹಿಡಿಯುತ್ತದೆ, ಆದರೆ ಎರಡು ಹಂಡೆಯ ಸೌದೆ ಮಾತ್ರ ತಿನ್ನುತ್ತದೆ. ಆರು ಒಲೆಯಿದ್ದರೆ ಆರು ಕಡೆಯಿಂದ ಬಿಸಿ ಸೋರುತ್ತದೆ. ತಿರುವಲು ಇಬ್ಬರು ಸಾಕು. ಬಣ್ಣ ಹಿಡಿಯಲು ಹಾಕುವ ಉಪ್ಪು ಮೂಟೆಯಲ್ಲಿ ತಂದರೆ ಅಗ್ಗ, ಪುಡಿ ಡಬ್ಬಿಯಲ್ಲಿ ತಂದರೆ ಅಗ್ಗ. ಒಂದು ಅಂಗಿ ಹಾಕಿದರೂ ಕುದಿ ಬರುವ ತನಕ ಕಾಯಲೇಬೇಕು, ನೂರು ಹಾಕಿದರೂ ಅಷ್ಟೇ ಕಾಯುವುದು. ಆ ಖರ್ಚನ್ನೆಲ್ಲ ಒಂದು ಅಂಗಿಯ ತಲೆಗೆ ಕಟ್ಟುವ ಬದಲು ನೂರು ಅಂಗಿಗೆ ಹಂಚಿದರೆ ಒಂದೊಂದಕ್ಕೂ ಚೂರು ಚೂರು.

“ನೂರು ಅಂಗಿ ಎಲ್ಲಿದೆ?” ಅಂದರು ಅತ್ತೆ.

ಇವರು ಎದ್ದು ಒಡೆದ ಗೋಡೆಯ ಕಲ್ಲು ಎತ್ತಿಡಲು ಹೋದರು.

ನಮ್ಮ ಪಕ್ಕದಲ್ಲಿ ಸಿಮೆಂಟು ಗೋದಾಮಿನವನೊಬ್ಬ ಇದ್ದ. ಶೆಡ್ಡಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಅತ್ತೆಯ ಹತ್ತಿರ ಬಂದು, “ಅಮ್ಮ, ಶೆಡ್ಡು ನನಗೆ ಕೊಡಿ. ನಿಮ್ಮ ಮಗನಿಗೂ ಅಲ್ಲೇ ಕೆಲಸ ಕೊಡ್ತೀನಿ, ಮೂಟೆ ಇಳಿಸಿಕೊಳ್ಳೋಕೆ ಆಳು ಬೇಕು,” ಅಂದಿದ್ದ. ಗೋಡೆ ಒಡೆದ ಸಿಟ್ಟಿಗೆ ಅತ್ತೆ ಎಲ್ಲರ ಮುಂದೆ ಹೇಳಿಬಿಟ್ಟರು. “ಮುಂದಿನ ಮಳೆಗಾಲ ಹಿಡಿಯೋ ತನಕ ನೋಡ್ತೀನಿ. ಅಷ್ಟರಲ್ಲಿ ಈ ನಿನ್ನ ಹಂಡೆ ವಾರ ವಾರ ತುಂಬಿದ್ರೆ ಶೆಡ್ಡು ನಿಂದು. ತುಂಬದಿದ್ರೆ ಗೋದಾಮಿನವರದ್ದು. ಆಮೇಲೆ ಅಮ್ಮ ಹಾಗೆ ಮಾಡಿದ್ಲು ಅನ್ನಬೇಡ.”

“ಸರಿಯಮ್ಮ,” ಅಂದರು ಇವರು.

ಇವರಿಗೆ ಬೇರೆ ಕಸುಬು ಗೊತ್ತಿಲ್ಲ. ತಮ್ಮಪ್ಪ ಬಣ್ಣ ಹಾಕಿದ ಜಾಗದಲ್ಲಿ ಇನ್ನೊಬ್ಬರ ಸಿಮೆಂಟು ಮೂಟೆ ಹೊರುವುದನ್ನು ನಾನು ನೋಡಬೇಕಾಗುತ್ತಿತ್ತು.

ಮರುದಿನ ಇವರು ಒಂದು ಹಲಗೆಯ ಮೇಲೆ ಬರೆದು ಮನೆ ಮುಂದೆ ತೂಗುಹಾಕಿದರು. ಸೋಮವಾರ ಹಳದಿ. ಮಂಗಳವಾರ ಅದೇ ನೀರಿಗೆ ನೀಲಿ ಬೆರೆಸಿ ಹಸಿರು. ಬುಧವಾರ ಹೊಸ ನೀರು, ನೀಲಿ. ಗುರುವಾರ ಅದಕ್ಕೇ ಇನ್ನಷ್ಟು ಪುಡಿ, ಕಡುನೀಲಿ. ಶುಕ್ರವಾರ ಕಪ್ಪು. ತಿಳಿಯಿಂದ ಗಾಢಕ್ಕೆ ಹೋದರೆ ನೀರು ಚೆಲ್ಲುವುದು ಕಮ್ಮಿ, ಪುಡಿ ಹಾಳಾಗುವುದೂ ಕಮ್ಮಿ. ಇವರೇ ಮನೆ ಮನೆಗೆ ಹೋಗಿ ಇದನ್ನು ಹೇಳಿ ಬಂದರು.

ಎದುರು ಮನೆಯಲ್ಲಿ ನಿವೃತ್ತ ಟೀಚರಮ್ಮ ಇದ್ದರು. “ಅಲ್ರೀ, ನನಗೆ ಬುಧವಾರ ಹಸಿರು ಬೇಕು ಅಂದ್ರೆ?”

“ಮಂಗಳವಾರ ಬನ್ನಿ ಟೀಚರಮ್ಮ.”

“ಮಂಗಳವಾರ ಆಗಿ ಹೋಯ್ತಲ್ಲ!”

“ಮುಂದಿನ ವಾರನೂ ಮಂಗಳವಾರ ಬರುತ್ತೆ.”

“ನಿಮ್ಮಪ್ಪ ಹೀಗಿರಲಿಲ್ಲಪ್ಪ,” ಅಂದು ಅವರು ಬಾಗಿಲು ಹಾಕಿಕೊಂಡರು. ಆದರೂ ಬಂದರು. ಕಾರಣ, ಬರೆದ ದಿನ ತಂದರೆ ಹಳೆ ದರದ ಅರ್ಧ ಅಂತ ಇವರು ಹೇಳಿದ್ದರು. ಹಂಡೆ ಅರ್ಧ ತುಂಬಿದರೆ ನಮಗೆ ನಷ್ಟ, ಪೂರ್ತಿ ತುಂಬಿದರೆ ಲಾಭ. ಮೊದಲ ಕೆಲವು ವಾರ ತಳ ಮುಚ್ಚುವಷ್ಟು ಬಟ್ಟೆಯೂ ಬರಲಿಲ್ಲ. ಆದರೂ ದಿನ ತಪ್ಪಿಸದೆ ಬೆಂಕಿ ಹಾಕಿದರು. ಬೆಂಕಿ ಕಾಣದಿದ್ದರೆ ಜನ ಹಲಗೆ ನಂಬುವುದಿಲ್ಲ ಅನ್ನುತ್ತಿದ್ದರು. ಅತ್ತೆ ಅಡುಗೆಮನೆಯಿಂದಲೇ, “ಸುಡು, ಸುಡು, ಕೊನೆಗೆ ಈ ಮನೆ ತೊಲೆನೂ ಸುಡು,” ಅನ್ನುತ್ತಿದ್ದರು.

ಕೊನೆಗೂ ಒಂದು ಗುರುವಾರ ಹಂಡೆ ತುಂಬಿತು. ಚಳಿ ಬರುವ ಮುಂಚೆ ಎಲ್ಲರಿಗೂ ಗಾಢ ಬಣ್ಣ ಬೇಕು, ಕೊಳೆ ಕಾಣುವುದಿಲ್ಲ ನೋಡಿ. ಇಡೀ ಬೀದಿಯ ಅಂಗಿಗಳು ಬಂದವು. ಮೈದುನ, ಇವರು ಇಬ್ಬರೂ ಎರಡು ಕಡೆ ನಿಂತು ಉದ್ದ ಕೋಲಿನಲ್ಲಿ ತಿರುವಿದರು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಇವರು ಮಾತ್ರ ನಗುತ್ತಿದ್ದರು. ನಾನು ತೊಳೆದು ತೊಳೆದು ಹಗ್ಗಕ್ಕೆ ಹಾಕಿದೆ. ಒಂದು ಹಗ್ಗ ತುಂಬಿತು, ಇನ್ನೊಂದು ಕಟ್ಟಿದೆ. ಅದೂ ತುಂಬಿತು.

ಎಲ್ಲ ಒಣಗಿ ಮಡಿಸಲು ಕೂತಾಗ ನನ್ನ ಕೈ ನಿಂತುಹೋಯಿತು.

ಯಾವ ಅಂಗಿ ಯಾರದ್ದು?

ಆರು ಹಂಡೆಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಒಂದು ಹಂಡೆಯಲ್ಲಿ ಒಂದು ಮನೆಯ ಬಟ್ಟೆ. ಗುರುತು ಹಾಕುವ ಅಭ್ಯಾಸವೇ ನಮ್ಮ ಕೈಗೆ ಇರಲಿಲ್ಲ. ಈಗ ಬೂದು ಅಂಗಿ, ಬಿಳಿ ಅಂಗಿ, ಗೆರೆ ಅಂಗಿ ಎಲ್ಲ ಒಂದೇ ಕಡುನೀಲಿ. ಕೊರಳಪಟ್ಟಿಯ ಹಿಂದೆ ಒಗೆಯುವವರು ಹಾಕಿದ್ದ ಮಸಿಯ ಗುರುತೂ ನೀಲಿಯಲ್ಲಿ ಮುಳುಗಿತ್ತು. ನನಗೆ ಹೊಳೆದಿರಲಿಲ್ಲ, ಮೈದುನನಿಗೆ ಹೊಳೆದಿರಲಿಲ್ಲ, ಬಣ್ಣದ ನೀರಿನಲ್ಲೇ ತಲೆ ನರೆತ ಅತ್ತೆಗೂ ಹೊಳೆದಿರಲಿಲ್ಲ.

“ಈಗ ಏನ್ರೀ ಮಾಡೋದು?” ಅಂದೆ.

ಇವರು ಅಂಗಿಗಳ ರಾಶಿ ನೋಡಿದರು. “ಎಲ್ಲರನ್ನೂ ಕರೀಬೇಕು.”

“ಕರೆದು?”

“ಇದ್ದದ್ದು ಇದ್ದ ಹಾಗೆ ಹೇಳಬೇಕು.”

ಬೀದಿಯೆಲ್ಲ ಶೆಡ್ಡಿಗೆ ಬಂತು. ಇವರು ಹಂಡೆಯ ಪಕ್ಕ ನಿಂತು, “ತಪ್ಪಾಯ್ತು. ಗುರುತು ಹಾಕೋದು ಮರೆತೆವು. ಅವರವರದ್ದು ಅವರವರೇ ಹುಡುಕಿಕೊಳ್ಳಿ. ಸಿಗದಿದ್ದವರಿಗೆ ನಾನು ಹೊಸದು ಕೊಡಿಸ್ತೀನಿ,” ಅಂದರು. ಹೊಸದು ಅನ್ನುವ ಮಾತು ಕೇಳಿ ನಾನು ಗೋಡೆ ಹಿಡಿದುಕೊಂಡೆ.

ಆಮೇಲೆ ನೋಡಬೇಕಿತ್ತು. ಗಂಡಸರು ಸಿಕ್ಕಿದ್ದನ್ನೆಲ್ಲ ತೊಟ್ಟು ತೊಟ್ಟು ಬಿಸಾಡಿದರು. ಒಬ್ಬನ ಹೊಟ್ಟೆಗೆ ಗುಂಡಿ ಸೇರುತ್ತಿಲ್ಲ, ಆದರೂ ನನ್ನದೇ ಅನ್ನುತ್ತಾನೆ. “ಹೋದ ವರ್ಷ ನಿನ್ನದಾಗಿತ್ತೇನೋ, ಈಗ ಅಲ್ಲ,” ಅಂದಳು ಅವನ ಹೆಂಡತಿ. ಅಗಲ ಭುಜದ ಬಡಗಿ ಟೀಚರಮ್ಮನ ಗಂಡನ ಅಂಗಿ ಹಾಕಿಕೊಂಡು ಕೈ ಎತ್ತಿದ, ಬೆನ್ನು ಪರ್ ಅಂತು. “ಬಿಚ್ಚಯ್ಯಾ, ಬಿಚ್ಚು! ನಮ್ಮನೆಯವರು ಅದನ್ನ ಇನ್ನೂ ಹತ್ತು ವರ್ಷ ಹಾಕಬೇಕು!” ಅಂತ ಟೀಚರಮ್ಮ ಬೆನ್ನಟ್ಟಿದರು. ಇವರು ಎಲ್ಲದಕ್ಕೂ “ತಪ್ಪಾಯ್ತು, ತಪ್ಪಾಯ್ತು” ಅನ್ನುತ್ತಲೇ ಇದ್ದರು.

ಕಂಡುಹಿಡಿದದ್ದು ಹೆಂಗಸರು. ಅವರು ಬಣ್ಣ ನೋಡಲಿಲ್ಲ, ಅಂಗಿ ಮಗುಚಿ ಒಳಗಿನ ತೇಪೆ ನೋಡಿದರು. ತಾನು ಹಾಕಿದ ಹೊಲಿಗೆ ಯಾವಳಿಗೆ ಗೊತ್ತಾಗುವುದಿಲ್ಲ? “ಇದು ನಂದು, ಕಂಕುಳಲ್ಲಿ ಅಡ್ಡ ಹೊಲಿಗೆ.” “ಇದು ನಂದು, ಗುಂಡಿ ಇಲ್ಲದೆ ದಾರವನ್ನೇ ಬಾದಾಮಿ ಬೀಜದಷ್ಟು ಗಂಟು ಕಟ್ಟಿದ್ದೆ.” ರಾಶಿ ಕರಗುತ್ತಾ ಬಂತು. ನಾನು ಉಸಿರು ಬಿಟ್ಟೆ.

ಆ ಗದ್ದಲದಲ್ಲಿ ಒಬ್ಬರು ಮಾತ್ರ ಏನನ್ನೂ ಹುಡುಕುತ್ತಿರಲಿಲ್ಲ. ಬ್ಯಾಂಕು, ಅಂಗಡಿ, ಕಟ್ಟಡಗಳಿಗೆ ಕಾವಲುಗಾರರನ್ನು ಕಳಿಸುವ ಒಂದು ಕಂಪನಿಯ ಸ್ಟೋರು ನೋಡಿಕೊಳ್ಳುವವರು. ನಮ್ಮ ಬೀದಿಯ ಕೊನೆ ಮನೆ. ಅವರೂ ಒಂದು ಅಂಗಿ ಕೊಟ್ಟಿದ್ದರು. ಅವರು ಒಂದು ಅಂಗಿಯ ತೋಳು, ಇನ್ನೊಂದರ ಕೊರಳಪಟ್ಟಿ ಹಿಡಿದು ಬೆಳಕಿಗೆ ಒಯ್ದು ನೋಡುತ್ತಿದ್ದರು. ಮತ್ತೊಂದು ತಂದು ಪಕ್ಕಕ್ಕೆ ಹಿಡಿಯುತ್ತಿದ್ದರು.

“ಏನ್ರೀ ಹಂಡೆಯಣ್ಣ, ಇವೆಲ್ಲ ಒಂದೇ ಹಂಡೆಯದ್ದಾ?”

“ಒಂದೇ. ಅದೇ ಆಗಿರೋ ಫಜೀತಿ ಸಾರ್. ಕ್ಷಮಿಸಬೇಕು.”

“ಕ್ಷಮಿಸೋದು ಯಾಕ್ರೀ? ನನ್ನ ಹುಡುಗರ ಸಮವಸ್ತ್ರಕ್ಕೆ ಬಣ್ಣ ಹಾಕಿಸಿ ಹಾಕಿಸಿ ನನಗೆ ಸಾಕಾಗಿದೆ. ಇಲ್ಲಿ ನಾಲ್ಕು, ಅಲ್ಲಿ ಐದು. ಬ್ಯಾಂಕಿನ ಬಾಗಿಲಲ್ಲಿ ಇಬ್ಬರು ನಿಂತ್ರೆ ಒಬ್ಬ ಆಕಾಶ, ಇನ್ನೊಬ್ಬ ಬದನೆಕಾಯಿ. ಮ್ಯಾನೇಜರು ನನ್ನನ್ನ ಕರೆದು ಉಗೀತಾರೆ. ನೀವು ನೋಡಿದ್ರೆ ಒಂದು ಬೀದಿಗೇ ಸಮವಸ್ತ್ರ ಮಾಡಿಟ್ಟಿದ್ದೀರಿ!”

ಅವರು ಹಾಗಂದ ಮೇಲೆಯೇ ನಾವು ಕಣ್ಣೆತ್ತಿ ನೋಡಿದ್ದು. ಎಲ್ಲ ಒಂದೇ ನೀಲಿ. ಒಂದರ ಹತ್ತಿರ ಒಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸಣ್ಣ ಹಂಡೆಯಲ್ಲಿ ಹತ್ತು ಸಲ ಹಾಕಿದರೆ ಹತ್ತು ನೀಲಿ ಬರುತ್ತಿತ್ತು. ದರ ಇಳಿಯಲಿ ಅಂತ ಇವರು ಹಂಡೆ ದೊಡ್ಡದು ಮಾಡಿದ್ದು. ಬಣ್ಣ ಹೀಗೆ ಕೂರುತ್ತದೆ ಅಂತ ಇವರೂ ಎಣಿಸಿರಲಿಲ್ಲ.

ಅವರ ಸಮವಸ್ತ್ರ ಗಂಟು ಗಂಟಾಗಿ ಬಂದವು. ಅಷ್ಟು ಹೊತ್ತಿಗೆ ನಾನು ಒಂದು ದಾರಿ ಮಾಡಿಕೊಂಡಿದ್ದೆ. ಪ್ರತಿ ಬಟ್ಟೆಯ ಅಂಚಿನ ಒಳಗೆ ದಾರದ ಗಂಟು ಹಾಕುವುದು. ಬಣ್ಣ ಕುಡಿದರೂ ಗಂಟು ಗಂಟೇ, ಬೆರಳಿಗೆ ಸಿಗುತ್ತದೆ. ಒಂದೊಂದು ಮನೆಗೆ ಒಂದೊಂದು ಥರ. ಇವರು ನೋಡಿ, “ಅಡ್ಡಿಯಿಲ್ಲ,” ಅಂದರು. ಇವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅಲ್ಲಿಗೆ ಎಲ್ಲ ಸುಖವಾಯಿತು ಅಂದುಕೊಳ್ಳಬೇಡಿ. ಸಮವಸ್ತ್ರ ವಾರ ವಾರ ಬರುವ ಸರಕಲ್ಲ. ಅದು ಬಂದ ವಾರ ಹಂಡೆ ಉಕ್ಕಿತು, ಬಾರದ ವಾರ ಮತ್ತೆ ಅರ್ಧ. ಬಿಸಿಲು ಏರುತ್ತಿತ್ತು, ಮಳೆಗಾಲ ದೂರ ಇರಲಿಲ್ಲ. ಗೋದಾಮಿನವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಇವರ ತೋಳು ನೋಡಿ, “ಗಟ್ಟಿ ಇದೆ, ಮೂಟೆಗೆ ಆಗುತ್ತೆ,” ಅಂತ ತಮಾಷೆ ಮಾಡುತ್ತಿದ್ದ.

ಮೈದುನ ಹೇಳಿದ, “ಅಣ್ಣ, ಈಗ ನಮಗೆ ಹೆಸರು ಬಂದಿದೆ. ಬೀದಿಯವರಿಗೆ ದರ ಏರಿಸು. ಬರೋವಷ್ಟು ಬಟ್ಟೆಯಲ್ಲೇ ಲಾಭ ಹುಟ್ಟುತ್ತೆ.”

“ಏರಿಸಿದ್ರೆ ಬರೋರು ಇನ್ನೂ ಕಮ್ಮಿ ಆಗ್ತಾರೆ. ಹಂಡೆ ಇನ್ನೂ ಖಾಲಿ. ಆಗ ಮತ್ತೆ ಏರಿಸಬೇಕು. ಕೊನೆಗೆ ಒಂದು ಲಂಗ, ಒಂದು ಹಂಡೆ. ಅಪ್ಪನ ಕಾಲಕ್ಕೇ ಹೋಗಿ ನಿಲ್ತೀವಿ.”

“ಮತ್ತೆ?”

“ಇಳಿಸ್ತೀನಿ.”

“ಅತ್ತಿಗೆ, ಕೇಳಿದ್ರಾ? ಇಳಿಸ್ತಾನಂತೆ. ನೀವಾದ್ರೂ ಹೇಳಿ.”

ನಾನೂ ಹೇಳಿದೆ. ಜಗಳವನ್ನೇ ಆಡಿದೆ. “ತಲೆ ನೆಟ್ಟಗಿದೆಯೇನ್ರೀ? ಅರ್ಧ ದರ ಆಯ್ತು, ಅದರಲ್ಲೂ ಅರ್ಧನಾ?”

“ಸಮವಸ್ತ್ರ ಬಂದ ವಾರ ಬೆಂಕಿ ಹೇಗೂ ಉರೀತಿರುತ್ತೆ. ಬೀದಿಯವರ ಬಟ್ಟೆ ಅದರ ಬೆನ್ನ ಮೇಲೆ ಕೂಸುಮರಿ ಕೂತು ಹೋಗುತ್ತೆ. ಆ ದರಕ್ಕೆ ರುಚಿ ಹತ್ತಿದ್ರೆ ಉಳಿದ ವಾರನೂ ಬರ್ತಾರೆ. ಎಂದೂ ಬಾರದವರೂ ಬರ್ತಾರೆ. ಹರಿದ ಮೇಲೆ ಬಿಸಾಡೋ ಬದಲು, ಮಾಸಿದಾಗಲೇ ತರ್ತಾರೆ.”

“ಬರದಿದ್ರೆ?”

“ಬರದಿದ್ರೆ ಮೂಟೆ ಹೊರ್ತೀನಿ.”

ಅಷ್ಟೇ. ಮುಗಿಯಿತು ಮಾತು. ಇವರದ್ದು ಒಂದು ಹಟ. ಹೊಗಳುವಾಗ ಇದನ್ನು ಮುಚ್ಚಿಡಲಾರೆ. ಹಲಗೆಯಲ್ಲಿ ಬರೆದ ದಿನ ಬಿಟ್ಟು ಬೇರೆ ದಿನ ಬೇರೆ ಬಣ್ಣ ಯಾರಿಗೂ ಹಾಕಿದವರಲ್ಲ, ನನಗೂ ಸೇರಿ. ತಂಗಿಯ ಮನೆಗೆ ಹೊರಟಿದ್ದೆ, ಗುರುವಾರ. ನನ್ನ ಸೀರೆ ಒಂದನ್ನು ಹಸಿರು ಮಾಡಿಕೊಡಿ, ಸಣ್ಣ ಹಂಡೆ ಒಂದು ಉಳಿದಿದೆಯಲ್ಲ ಅಂದೆ. “ಮಂಗಳವಾರ,” ಅಂದರು. ಕಟ್ಟಿಕೊಂಡ ಹೆಂಡತಿಗೂ ಮಂಗಳವಾರವೇ ಅಂದೆ. “ನಿನಗೆ ಹಾಕಿಕೊಟ್ಟು ಟೀಚರಮ್ಮನಿಗೆ ಯಾವ ಮುಖ ತೋರಿಸ್ಲಿ?” ಅಂದರು. ಬಿಳಿಚಿದ ಸೀರೆಯಲ್ಲೇ ಹೋದೆ. ಬಣ್ಣದವನ ಹೆಂಡತಿ ನೋಡಿ ಅಂತ ತಂಗಿ ನಕ್ಕಳು. ಬಂದ ಮೇಲೆ ಎಷ್ಟೋ ದಿನ ಇವರ ಜೊತೆ ಮಾತು ಬಿಟ್ಟೆ. ಇವರಿಗೆ ಅದು ಗೊತ್ತಾಯಿತೋ ಇಲ್ಲವೋ.

ದರ ಇಳಿಸಿದ ಮೊದಲ ವಾರ ಹಂಡೆ ಅರ್ಧವೇ ಇತ್ತು. ಎರಡನೆಯ ವಾರವೂ ಅಷ್ಟೇ. ಅತ್ತೆ ಮಾತಾಡುವುದನ್ನೇ ಬಿಟ್ಟರು. ಅವರು ಬೈದರೆ ಪರವಾಗಿಲ್ಲ, ಸುಮ್ಮನಾದರೆ ಭಯ.

ಆಮೇಲೆ ಪಕ್ಕದ ಬೀದಿಯವರು ಬಂದರು. ನಮ್ಮ ಬೀದಿಯವರು ಹಳೆ ಪರದೆಗಳಿಗೆ ಬಣ್ಣ ಹಾಕಿಸಿ ಕಿಟಕಿಗೆ ಕಟ್ಟಿದ್ದನ್ನು ನೋಡಿದ್ದರು. ದರ ಕೇಳಿ ನಂಬದೆ ಎರಡು ಸಲ ಕೇಳಿದರು. ಒಂದು ವಸತಿಗೃಹದವರು ಹಾಸಿಗೆ ಹೊದಿಕೆ ತಂದರು. ಟೈಲರುಗಳು ಬಿಳಿ ಬಟ್ಟೆ ಅಗ್ಗಕ್ಕೆ ಕೊಂಡು, ನಮ್ಮಲ್ಲಿ ಬಣ್ಣ ಹಾಕಿಸಿ ಹೊಲಿಯಲು ಶುರು ಮಾಡಿದರು. ಬಟ್ಟೆ ಹೆಚ್ಚಾದಂತೆ ಸೌದೆ ಗಾಡಿಗಟ್ಟಲೆ ಬೇಕಾಯಿತು. ಎಂದೂ ಇಳಿಸದ ಸೌದೆಯವನು ತಾನೇ ಬಂದು, “ಬೇರೆ ಕಡೆ ಹೋಗಬೇಡಿ, ನಾನೇ ಇಳಿಸ್ತೀನಿ,” ಅಂದ. ಪುಡಿಯನ್ನು ಅಂಗಡಿಯಿಂದ ತರುವುದು ಬಿಟ್ಟು ಮಾಡುವವರಿಂದಲೇ ತರಿಸಿದೆವು. ಅದೂ ಇಳಿಯಿತು. ಇವರು ಅದನ್ನೆಲ್ಲ ಜೇಬಿಗೆ ಹಾಕಿಕೊಳ್ಳಲಿಲ್ಲ, ಇನ್ನೊಂದಿಷ್ಟು ದರ ಇಳಿಸಿದರು. ಆಗ ನಾನು ಜಗಳ ಆಡಲಿಲ್ಲ. ಗಂಟು ಹಾಕಿ ಹಾಕಿ ಬೆರಳು ಊದಿತ್ತು, ಜಗಳಕ್ಕೆ ಪುರುಸೊತ್ತೂ ಇರಲಿಲ್ಲ.

ಮೊದಲ ಮಳೆ ಬಿದ್ದ ಬೆಳಿಗ್ಗೆ ಗೋದಾಮಿನವನು ಅಳತೆ ಟೇಪು ಹಿಡಿದು ಬಂದ. ಗುರುವಾರ. ಶೆಡ್ಡಿನ ಬಾಗಿಲಿಂದ ಬೀದಿಯವರೆಗೆ ಜನ, ಅವರ ಕೈಯಲ್ಲೆಲ್ಲ ಗಂಟು. ಮಳೆ ಅಂತ ಕೆಲವರು ಗಂಟನ್ನೇ ತಲೆ ಮೇಲೆ ಇಟ್ಟುಕೊಂಡಿದ್ದರು. ಅವನು ನುಗ್ಗಿಕೊಂಡು ಮುಂದೆ ಬಂದ. ಅತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಬಟ್ಟೆ ತೆಗೆದುಕೊಳ್ಳುತ್ತಿದ್ದರು. ಯಾರೂ ಹೇಳಿರಲಿಲ್ಲ, ತಾವೇ ಬಂದು ಕೂತಿದ್ದರು.

“ಸಾಲಿನಲ್ಲಿ ಬನ್ನಿ,” ಅಂದರು ಅತ್ತೆ, ತಲೆ ಎತ್ತದೆ.

“ಅಮ್ಮಾ, ನಾನು ಬಟ್ಟೆ ತಂದವನಲ್ಲ. ಶೆಡ್ಡು ಅಳೆಯೋಕೆ ಬಂದೆ. ಮಳೆ ಬಂತಲ್ಲ, ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ. ಹಂಡೆ ತುಂಬದಿದ್ರೆ ಅಂದಿದ್ದೆ. ಒಳಗೆ ಹೋಗಿ ಬಗ್ಗಿ ನೋಡಿ. ಜಾಗ ಇದ್ರೆ ನೀವು ತೊಟ್ಟಿರೋ ಅಂಗಿನೂ ಹಾಕಿ ಬನ್ನಿ, ಬಹಳ ಮಾಸಿದೆ.”

ಸಾಲಿನಲ್ಲಿದ್ದವರು ನಕ್ಕರು. ಅವನು ಒಳಗೆ ಹೋಗಲಿಲ್ಲ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಮಳೆಯಲ್ಲೇ ಹೋದ.

ನಾನು ಒಳಗೆ ಓಡಿದೆ. ಹೊಗೆ, ಹಬೆ. ಇವರು ಕೋಲು ಹಿಡಿದು ತಿರುವುತ್ತಿದ್ದರು. ಹೊರಗೆ ಆದದ್ದು ಇವರಿಗೆ ಗೊತ್ತೇ ಇರಲಿಲ್ಲ.

“ರೀ, ಗೋದಾಮಿನವನು ವಾಪಸ್ ಹೋದ. ಅತ್ತೆ ಕಳಿಸಿಬಿಟ್ರು. ಶೆಡ್ಡು ನಿಮ್ಮದೇ ಅಂತ.”

ಇವರು ಇನ್ನೂ ಒಂದೆರಡು ಸುತ್ತು ತಿರುವಿದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, “ನಿಲ್ಲಿಸಬೇಡ, ನಿಲ್ಲಿಸಿದ್ರೆ ಮಚ್ಚೆ ಬೀಳುತ್ತೆ,” ಅಂದು ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯಲು ನಿಂತರು. ಬಹಳ ಹೊತ್ತು ತೊಳೆದರು. ನಾನು ಕರೆಯಲಿಲ್ಲ. ಅವರು ಬರುವ ತನಕ ನಾನೇ ತಿರುವಿದೆ.